ಕಾಫಿಯ ತುಕ್ಕುರೋಗವೂ ಒಂದು ಬ್ಯಾಂಕಿನ ಪತನವೂ

1869ರಲ್ಲಿ ಸಿಂಹಳದ ಕಾಫಿ ಎಲೆಗಳ ಅಡಿಮೈಯಲ್ಲಿ ಕಿತ್ತಳೆಬಣ್ಣದ ಧೂಳೊಂದು ಕಾಣಿಸಿಕೊಂಡಿತು. ಅದು ತುಕ್ಕುರೋಗದ ಶಿಲೀಂಧ್ರ. ಗಾಳಿಯಲ್ಲಿ ತೇಲಿಬಂದ ಬೀಜಕಣವು ಎಲೆಯ ಮೇಲಣ ನೀರಹನಿಯಲ್ಲಿ ಮೊಳೆತು, ಪತ್ರರಂಧ್ರದಿಂದ ಒಳಹೊಕ್ಕು, ಸಜೀವ ಕೋಶಗಳಿಂದಲೇ ಆಹಾರವನ್ನು ಹೀರುವುದೆಂದು 1880ರಲ್ಲಿ ಅಲ್ಲಿಗೆ ಹೋದ ಮಾರ್ಷಲ್ ವಾರ್ಡ್ ಅವರು ತೋರಿಸಿಕೊಟ್ಟರು. ಗಿಡವು ಒಮ್ಮೆಗೇ ಸಾಯದು. ಎಲೆಯುದುರಿ ವರುಷವರುಷಕ್ಕೆ ಸೊರಗುವುದು. ಈ ನಿಧಾನವೇ ಜನರನ್ನು ವಂಚಿಸಿತು. ಇಳುವರಿ ಕುಗ್ಗಿದರೂ ಬೆಲೆಯೇರಿದ್ದರಿಂದ ತೋಟಗಾರರು ಹೊಸ ಕಾಡುಗಳನ್ನು ಕಡಿದರು. ಬ್ಯಾಂಕುಗಳು ಸಾಲ ನೀಡಿದುವು.

ಓರಿಯೆಂಟಲ್ ಬ್ಯಾಂಕ್ ಕಾರ್ಪೊರೇಷನ್ 1884ರಲ್ಲಿ ಬಾಗಿಲು ಮುಚ್ಚಿತು. ಬೇರೆ ಕಾರಣಗಳೂ ಇದ್ದುವು. ಆದರೆ ಸಾಲದ ಕಡತಗಳ ನಡುವೆಯೇ ಬಾಳುವ ನನಗೆ, ಎಲೆಯನ್ನು ಮಗುಚಿ ನೋಡದ ಆ ಅಧಿಕಾರಿಗಳೇ ಕಣ್ಣಮುಂದೆ ನಿಲ್ಲುತ್ತಾರೆ. ಬ್ಯಾಂಕಿನ ನೋಟುಗಳಿಗೆ ಗವರ್ನರ್ ಗಾರ್ಡನ್ ಅವರು ಸರ್ಕಾರದ ಹೊಣೆಯನ್ನಿತ್ತರು. ಕಾಫಿಯ ನೆಲದಲ್ಲಿ ಚಹಾ ಬೆಳೆಯಿತು.