ಚೆಂಡು ಮುಟ್ಟಬಹುದು, ಲೋಟ ಮುಟ್ಟಬಾರದು: ಬಾಲೂ ಅವರ 1911ರ ಬೇಸಿಗೆ

ಸ್ವಲ್ಪ ಉದ್ದದ ಬರಹ, ಪುರುಸೊತ್ತಾದಾಗ ಓದಿ.

ಏಪ್ರಿಲ್ ಬಂತು ಅಂದ್ರೆ ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಟೆನಿಸ್ ಬಾಲ್ ಟೂರ್ನಮೆಂಟುಗಳು ಶುರು. ಶಾಲೆ ಮೈದಾನ, ನೀರಿಳಿದ ಕೆರೆ ಅಂಗಳ, ಎಲ್ಲಿ ಜಾಗ ಸಿಕ್ಕಿದರೆ ಅಲ್ಲಿ. ಬಾಬಾಸಾಹೇಬರ ಜಯಂತಿ ಹೆಸರಲ್ಲೂ ಕಪ್ ನಡೀತವೆ. ಹುಡುಗರ ಟೀ ಶರ್ಟಿನ ಎದೆ ಮೇಲೆ ಬಾಬಾಸಾಹೇಬರು, ಬೆನ್ನ ಮೇಲೆ ಕೊಹ್ಲಿಯ 18 ಇಲ್ಲವೇ ಧೋನಿಯ 7. ಇರಲಿ, ತಪ್ಪೇನಿಲ್ಲ. ಆದರೆ ಬೆನ್ನ ಮೇಲೆ ಬರೆಸಿಕೊಳ್ಳಬಹುದಾದ ಒಂದು ಹೆಸರು ನಮ್ಮದೇ ಕೇರಿಗಳದ್ದೂ ಇದೆ. ಭಾರತದ ಕ್ರಿಕೆಟ್‌ನ ಮೊದಲ ದೊಡ್ಡ ಬೌಲರ್ ಯಾರು ಅಂದ್ರೆ ಇತಿಹಾಸಕಾರರು ಹೇಳೋ ಹೆಸರು ಅದು: ಪಾಲ್ವಂಕರ್ ಬಾಲೂ. ಹುಟ್ಟಿದ್ದು 1876ರಲ್ಲಿ, ಧಾರವಾಡದಲ್ಲಿ. ಬೀರೂರಲ್ಲಿ ರೈಲು ಹತ್ತಿ ಅಜ್ಜಂಪುರ, ದಾವಣಗೆರೆ, ಹುಬ್ಬಳ್ಳಿ ದಾಟಿದರೆ ಅದೇ ಹಳಿ ಮೇಲೆ ಮುಂದಿನ ದೊಡ್ಡ ಊರು.

ಮನೆತನ ಕೊಂಕಣ ಕರಾವಳಿಯ ಪಾಲ್ವಣ್ ಎಂಬ ಹಳ್ಳಿಯದು, ಹೆಸರು ಅಲ್ಲಿಂದ ಬಂದದ್ದು. ಜಾತಿ ಚಮಾರ್. ಚರ್ಮದ ಕೆಲಸದವರು, ನಮ್ಮ ಕಡೆ ಸಮಗಾರರು ಅಂತೀವಲ್ಲ, ಆ ಬಳಗ. ಕ್ರಿಕೆಟ್ ಚೆಂಡು ಯಾವುದರಿಂದ ಮಾಡ್ತಾರೆ ಅಂತ ಒಂದು ಸಲ ಯೋಚನೆ ಮಾಡಿ. ಸತ್ತ ದನದ ಚರ್ಮ ಸುಲಿದು ಹದ ಮಾಡಿದವನನ್ನು ಊರಾಚೆ ಇಟ್ಟ ಜನ, ಆ ಚರ್ಮದ ಚೆಂಡನ್ನು ಕೈಯಲ್ಲಿ ಹಿಡಿದು ಪ್ಯಾಂಟಿಗೆ ಉಜ್ಜಿಕೊಂಡು ಆಡಿದರು. ಮೈಲಿಗೆ ಎಲ್ಲಿ ಹೋಯ್ತೋ!

ಬಾಲೂ ಬೆಳೆದದ್ದು ಪುಣೆಯಲ್ಲಿ, ಸೇನೆಯ ನೆರಳಲ್ಲಿ. ಬಿಳಿ ಅಧಿಕಾರಿಗಳು ಬಿಸಾಡಿದ ಬ್ಯಾಟು ಚೆಂಡುಗಳಲ್ಲಿ ಅವರೂ ತಮ್ಮ ಶಿವರಾಮನೂ ಆಟ ಕಲಿತರು. ಮೊದಲ ನೌಕರಿ ಪಾರ್ಸಿಗಳ ಒಂದು ಕ್ಲಬ್ಬಿನಲ್ಲಿ: ಪಿಚ್ ಗುಡಿಸೋದು, ರೋಲರ್ ಎಳೆಯೋದು, ತಿಂಗಳಿಗೆ 3 ರೂಪಾಯಿ. 1892ರ ಹೊತ್ತಿಗೆ ಬಿಳಿಯರ ಪೂನಾ ಕ್ಲಬ್‌ಗೆ ಬಂದರು, ಸಂಬಳ 4 ರೂಪಾಯಿ ಆಯ್ತು. ಅಲ್ಲಿ ನೆಟ್ ಕಟ್ಟೋದು, ಗೆರೆ ಹಾಕೋದರ ಜೊತೆಗೆ ಸಾಹೇಬರಿಗೆ ಬೌಲ್ ಮಾಡೋ ಕೆಲಸವೂ ಬಿತ್ತು. ಎಡಗೈ ನಿಧಾನಗತಿಯ ಸ್ಪಿನ್. ಗ್ರೇಗ್ ಎಂಬ ಸೇನಾ ಕ್ಯಾಪ್ಟನ್ ದಿನಾ ಎಲ್ಲರಿಗಿಂತ ಮುಂಚೆ ಬಂದು ಬಾಲೂ ಬೌಲಿಂಗಿಗೆ ಅಭ್ಯಾಸ ಮಾಡ್ತಿದ್ದ. ಔಟ್ ಮಾಡಿದ ಪ್ರತಿ ಸಲಕ್ಕೂ ಎಂಟಾಣೆ ಕೊಡ್ತಿದ್ದ ಅಂತ ಒಂದು ಕಥೆ ಇದೆ. ಆದರೆ ಆ ಕ್ಲಬ್ಬಿನ ವರ್ಷಗಳಲ್ಲಿ ನೂರಾರು ಗಂಟೆ ಬೌಲ್ ಮಾಡಿದ ಈ ಹುಡುಗನ ಕೈಗೆ ಒಂದು ಸಲವೂ ಬ್ಯಾಟ್ ಕೊಡಲಿಲ್ಲ. ಬ್ಯಾಟು ಸಾಹೇಬರದ್ದು, ಬೆವರು ನಮ್ಮದು. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಇದೇ ಬೇರೆ ರೂಪದಲ್ಲಿ ಬರುತ್ತೆ.

ಪುಣೆಯ ಹಿಂದೂ ಕ್ಲಬ್‌ನವರಿಗೆ ಬಿಳಿಯರನ್ನು ಸೋಲಿಸುವ ಆಸೆ. ಬೌಲರ್ ಎದುರಿಗೇ ಇದ್ದಾನೆ, ಆದರೆ ಮುಟ್ಟಿಸಿಕೊಳ್ಳುವಂತಿಲ್ಲ. ಬಹಳ ಚರ್ಚೆ ಆಯ್ತು. ತಂಡದ ತೆಲುಗು ಆಟಗಾರರು ತಗೊಳ್ಳೋಣ ಅಂದರು, ಬ್ರಾಹ್ಮಣ ಆಟಗಾರರು ಬೇಡ ಅಂದರು. ಕೊನೆಗೆ ಗೆಲುವಿನ ಆಸೆಯೇ ಗೆದ್ದಿತು. ಮೈದಾನದೊಳಗೆ ಬಾಲೂ ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹಾ ವಿರಾಮ ಬಂದಾಗ ಮಾತ್ರ ಉಳಿದವರು ಪೆವಿಲಿಯನ್ ಒಳಗೆ ಪಿಂಗಾಣಿ ಕಪ್ಪಿನಲ್ಲಿ ಕುಡಿದರೆ, ಬಾಲೂಗೆ ಹೊರಗಡೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ. ಊಟಕ್ಕೆ ಬೇರೆ ಮೇಜು. ಮುಖ ತೊಳೆಯಬೇಕಂದರೆ ಕ್ಲಬ್ಬಿನ ಇನ್ನೊಬ್ಬ ಅಸ್ಪೃಶ್ಯ ನೌಕರ ಮೂಲೆಯಲ್ಲಿ ನಿಂತು ನೀರು ಹುಯ್ಯಬೇಕು.

ಇದನ್ನ ಓದಿ ನಮ್ಮ ಹಿರಿಯರಿಗೆ ಆಶ್ಚರ್ಯವೇನೂ ಆಗಲ್ಲ. ನಮ್ಮದು ತೆಂಗಿನ ಸೀಮೆ, ತೆಂಗಿನ ಚಿಪ್ಪಿನಲ್ಲಿ ಚಹಾ ಕುಡಿದವರು ನಮ್ಮ ನಡುವೆ ಇನ್ನೂ ಇದ್ದಾರೆ. ಪಕ್ಕದ ಭದ್ರಾವತಿಯಲ್ಲಿ ಮೇಷ್ಟ್ರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರು 70ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದಾಗಲೂ ಹೋಟೆಲುಗಳ ಬೇರೆ ಲೋಟ ಒಂದು ದೊಡ್ಡ ಪ್ರಶ್ನೆಯೇ ಆಗಿತ್ತು. ಪುಣೆಯ ಆ ಕುಡಿಕೆಗೂ ನಮ್ಮ ಚಿಪ್ಪಿಗೂ ನಡುವೆ ಎಂಬತ್ತು ವರ್ಷ.

ಬಾಲೂ ಬಂದ ಮೇಲೆ ಪುಣೆಯವರು ಗೆಲ್ಲತೊಡಗಿದರು. ಸಾತಾರಾದಲ್ಲಿ ಬಿಳಿಯರ ತಂಡವನ್ನು ಮಣಿಸಿದ ಮೇಲೆ ನ್ಯಾಯಮೂರ್ತಿ ರಾನಡೆ ತಮ್ಮವರನ್ನೇ ಕೇಳಿದರಂತೆ: ಜೊತೆಗೆ ಆಡ್ತೀರಿ, ಜೊತೆಗೆ ಉಣ್ಣೋಕೆ ಏನು ಕಷ್ಟ? ನಂತರ ಪ್ಲೇಗಿನ ಕಾಲಕ್ಕೆ ಬಾಲೂ ಮುಂಬಯಿಗೆ ಬಂದರು, ಅಲ್ಲಿನ ಹಿಂದೂ ಜಿಮ್ಖಾನಾಗೆ ಆಡಿದರು. 1906ರಲ್ಲಿ ಮುಂಬಯಿಯ ಹಿಂದೂ ತಂಡ ಯುರೋಪಿಯನ್ನರನ್ನು ನೂರಕ್ಕೂ ಹೆಚ್ಚು ರನ್ನಿಂದ ಸೋಲಿಸಿತು. ಪತ್ರಿಕೆಗಳು ಅದನ್ನು ರಾಷ್ಟ್ರೀಯ ವಿಜಯ ಅಂತ ಕೊಂಡಾಡಿದವು. ಆ ತಂಡದಲ್ಲಿ ಬಾಲೂ, ಶಿವರಾಮ್ ಇಬ್ಬರೂ ಇದ್ದರು.

ಈಗ 1911ಕ್ಕೆ ಬರೋಣ, ನಾನು ಹೇಳಬೇಕಂತ ಕೂತದ್ದೇ ಆ ಒಂದು ಬೇಸಿಗೆಯ ಕಥೆ.

ಆ ವರ್ಷ ಮೊದಲ ಬಾರಿಗೆ 'ಆಲ್ ಇಂಡಿಯಾ' ಅನ್ನೋ ಹೆಸರಲ್ಲಿ ತಂಡವೊಂದು ಇಂಗ್ಲೆಂಡಿಗೆ ಹಡಗು ಹತ್ತಿತು. ಆಯ್ಕೆ ಆಗಿದ್ದು ಧರ್ಮದ ಲೆಕ್ಕದಲ್ಲಿ, ಪಾರ್ಸಿ ಇಷ್ಟು, ಹಿಂದೂ ಇಷ್ಟು, ಮುಸ್ಲಿಂ ಇಷ್ಟು ಅಂತ. ಹಿಂದೂ ಪಾಲಿನಲ್ಲಿ ಬಾಲೂ, ಶಿವರಾಮ್. ನಾಯಕ ಯಾರು? ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್, ಇನ್ನೂ ಇಪ್ಪತ್ತು ತುಂಬದ ಹುಡುಗ. ಅವತ್ತು ಬಾಲೂಗೆ 35. ಭುಜ ನೋವಿತ್ತು. ಯಾರೂ ನಾಯಕತ್ವದ ಮಾತೇ ಎತ್ತಲಿಲ್ಲ.

ಅದು ಐದನೇ ಜಾರ್ಜ್ ಪಟ್ಟಾಭಿಷೇಕದ ವರ್ಷ. ಮಹಾರಾಜರಿಗೆ ಲಂಡನ್ನಿನಲ್ಲಿ ಔತಣಕೂಟಗಳೇ ಔತಣಕೂಟಗಳು. ಆಡಿದ್ದು ಕೆಲವೇ ಪಂದ್ಯ. ಸಾಲದ್ದಕ್ಕೆ ತಂಡದ ಅತ್ಯುತ್ತಮ ಬ್ಯಾಟ್ಸ್‌ಮನ್ ಕೇಕಿ ಮಿಸ್ತ್ರಿ ಮಹಾರಾಜರ ಖಾಸಗಿ ಸೇವೆಯಲ್ಲಿದ್ದವರು. ದೊರೆ ಹೋದಲ್ಲಿಗೆ ಅವರೂ ಹೋಗಬೇಕಾಯ್ತು. ಉಳಿದವರು ಇಂಗ್ಲೆಂಡಿನ ಒಂದೊಂದೇ ಕೌಂಟಿ ಎದುರು ಸೋಲ್ತಾ ಹೋದರು. 23 ಪಂದ್ಯದಲ್ಲಿ ಗೆದ್ದದ್ದು 6, ಸೋತದ್ದು 15, ಡ್ರಾ 2. ಪ್ರಥಮ ದರ್ಜೆಯವು 14. ಅದರಲ್ಲಿ 10 ಸೋಲು, ಎರಡೇ ಗೆಲುವು. ಒಂದು ಲೆಸ್ಟರ್‌ಶೈರ್ ಮೇಲೆ, ಇನ್ನೊಂದು ಸಾಮರ್‌ಸೆಟ್ ಮೇಲೆ, ಅದೂ ಒಂದೇ ವಿಕೆಟ್ ಉಳಿಸಿಕೊಂಡು.

ಸೋತು ಸುಣ್ಣವಾದ ಈ ತಂಡದಲ್ಲಿ ಒಬ್ಬ ಬೌಲರ್‌ನ ಲೆಕ್ಕ ನೋಡಿ. ಒಟ್ಟು 114 ವಿಕೆಟ್, ಸರಾಸರಿ 18.84. ಪ್ರಥಮ ದರ್ಜೆ ಪಂದ್ಯಗಳಲ್ಲೇ 75. ಕೇಂಬ್ರಿಜ್ ವಿಶ್ವವಿದ್ಯಾಲಯದ ಎದುರು ಒಂದೇ ಇನಿಂಗ್ಸ್‌ನಲ್ಲಿ 103 ರನ್ನಿಗೆ 8. ಹೊಸ ನೆಲ, ಹೊಸ ಹವೆ, ನೋಯೋ ಭುಜ, ಮೂವತ್ತೈದರ ವಯಸ್ಸು, ಕೈ ಬಿಟ್ಟ ಕ್ಯಾಚುಗಳು ಬೇರೆ. ಕ್ರಿಕೆಟ್ ಗೊತ್ತಿರೋ ಹುಡುಗರು ಈ ಅಂಕಿ ಇನ್ನೊಂದು ಸಲ ಓದಿ. ಜಾತಿಯವರು ನಿಮ್ಮ ಕವಿತೆ ಚೆನ್ನಾಗಿಲ್ಲ ಅನ್ನಬಹುದು, ಇಂಟರ್‌ವ್ಯೂನಲ್ಲಿ ನಿಮಗೆ ಯೋಗ್ಯತೆ ಇಲ್ಲ ಅನ್ನಬಹುದು. ಬಿದ್ದ ವಿಕೆಟ್ಟನ್ನು ಬಿದ್ದಿಲ್ಲ ಅನ್ನೋಕಾಗಲ್ಲ. ಸ್ಕೋರ್ ಪುಸ್ತಕದಲ್ಲಿ ಅದು ಮಸಿಯಲ್ಲಿ ಕೂತಿರುತ್ತೆ.

ಆಗಿನ ಇಂಗ್ಲೆಂಡಿನಲ್ಲೂ ಒಂದು ಬಗೆಯ ಪಂಕ್ತಿಭೇದ ಇತ್ತು ಅನ್ನೋದನ್ನೂ ಹೇಳಬೇಕು. ಕೂಲಿ ಪಡೆದು ಆಡುವ ವೃತ್ತಿಪರರು ಬೇರೆ, ಹವ್ಯಾಸಿ 'ಜಂಟಲ್‌ಮೆನ್' ಬೇರೆ. ಬಟ್ಟೆ ಬದಲಿಸೋ ಕೋಣೆಯೂ ಬೇರೆ, ನಾಯಕತ್ವ ಮಾತ್ರ ಜಂಟಲ್‌ಮೆನ್‌ಗೆ. ಆದರೆ ಅಲ್ಲಿ ಕೂಲಿಯವನ ಮಗ ಹಣ ಮಾಡಿ ಜಂಟಲ್‌ಮನ್ ಆಗೋ ದಾರಿ ಕಿರಿದಾದರೂ ಇತ್ತು. ಇಲ್ಲಿ ಹುಟ್ಟಿಗೆ ದಾರಿ ಎಲ್ಲಿದೆ?

ವಾಪಸ್ ಬಂದಾಗ ಮುಂಬಯಿಯ ದಲಿತರು ಬಾಲೂಗೆ ಸನ್ಮಾನ ಮಾಡಿದರು. ಅವತ್ತಿನ ಮಾನಪತ್ರ ಬರೆದದ್ದು ಎಲ್ಫಿನ್‌ಸ್ಟನ್ ಕಾಲೇಜಿನ ಇಪ್ಪತ್ತರ ಹುಡುಗ ಭೀಮರಾವ್ ಅಂಬೇಡ್ಕರ್ ಅಂತ ಇತಿಹಾಸಕಾರ ರಾಮಚಂದ್ರ ಗುಹಾ ದಾಖಲಿಸ್ತಾರೆ. ನನಗೆ ಈ ಇಡೀ ಕಥೆಯಲ್ಲಿ ಮೈ ಜುಮ್ ಅನ್ನಿಸೋ ಜಾಗ ಇದೇ. ಬಾಬಾಸಾಹೇಬರು ಕೊಲಂಬಿಯಾಕ್ಕೆ ಹೋಗೋದಕ್ಕೆ ಇನ್ನೂ ಎರಡು ವರ್ಷ ಇತ್ತು. ಚೌದಾರ್ ಕೆರೆಯ ನೀರು ಮುಟ್ಟೋದಕ್ಕೆ ಹದಿನಾರು ವರ್ಷ. ಆ ಹುಡುಗನಿಗೆ ಅಸ್ಪೃಶ್ಯರಲ್ಲೂ ಜಗತ್ತು ಮೆಚ್ಚಿದ ಒಬ್ಬ ವೀರ ಇದ್ದ, ಅವನು ಕೈಯಲ್ಲಿ ಚೆಂಡು ಹಿಡಿದಿದ್ದ.

ಸರಿ, ಇಷ್ಟಾದ ಮೇಲೆ ನಾಯಕತ್ವ ಕೊಟ್ಟರಾ? ಇಲ್ಲ. ಪೂನಾ ಕ್ಲಬ್‌ನಲ್ಲಿ ಬ್ಯಾಟು ಕೊಡದ ಕಥೆಯೇ ಮತ್ತೆ. ಮುಂಬಯಿಯ ಚತುಷ್ಕೋನ ಟೂರ್ನಿಯಲ್ಲಿ ಯುರೋಪಿಯನ್, ಪಾರ್ಸಿ, ಮುಸ್ಲಿಂ ತಂಡಗಳ ಎದುರು ಹಿಂದೂಗಳಿಗೆ ವಿಕೆಟ್ ಉರುಳಿಸಿ ಕೊಡಲು ಬಾಲೂ ಬೇಕು, ಬ್ಯಾಟಿಂಗಿಗೆ ತಮ್ಮಂದಿರಾದ ಶಿವರಾಮ್, ವಿಠ್ಠಲ್ ಬೇಕು. ಕಿರಿಯವನು ಗಣಪತ್ ಕೂಡ ಆಡಿದವನೇ. ನಾಲ್ವರೂ ಅಣ್ಣ ತಮ್ಮಂದಿರು! ನಾಯಕನ ಕುರ್ಚಿ ಮಾತ್ರ ಮೇಲ್ಜಾತಿಗೆ. 1913ರಲ್ಲಿ ನಾಯಕನಾದ ಬ್ರಾಹ್ಮಣ ಆಟಗಾರ ಎಂ.ಡಿ. ಪೈ ತಮಗಾದ ಸನ್ಮಾನದಲ್ಲೇ, ಈ ಗೌರವ ಹಿರಿಯರಾದ ಬಾಲೂಗೆ ಸಲ್ಲಬೇಕಿತ್ತು ಅಂದರು. ಆ ಮನುಷ್ಯನ ಪ್ರಾಮಾಣಿಕತೆಗೆ ಒಂದು ಸಲಾಂ. ಸಮಿತಿಯ ಕಿವಿಗೆ ಅದು ಬೀಳಲಿಲ್ಲ.

1920ರಲ್ಲಿ ಕಟ್ಟೆ ಒಡೆಯಿತು. ಪೈಗೆ ಹುಷಾರಿರಲಿಲ್ಲ. ಬಾಲೂ ಅವರನ್ನು ತಂಡದಿಂದಲೇ ಬಿಟ್ಟರು. ವಿಠ್ಠಲ್ ಇದ್ದರೂ ಡಿ.ಬಿ. ದೇವಧರ್ ಅವರನ್ನು ನಾಯಕ ಮಾಡಿದರು. ದೇವಧರ್ ಸಣ್ಣ ಆಟಗಾರರಲ್ಲ, ಅವರ ಹೆಸರಲ್ಲಿ ಟ್ರೋಫಿಯೇ ನಡೆದಿದೆ. ಆದರೆ ಅನುಭವದಲ್ಲಿ ವಿಠ್ಠಲ್ ಮುಂದಿದ್ದರು, ಕಾರಣ ಜಾತಿ ಅಂತ ಎಲ್ಲರಿಗೂ ಗೊತ್ತಿತ್ತು. ಶಿವರಾಮ್ ಮತ್ತು ವಿಠ್ಠಲ್ ಆಡೋದಿಲ್ಲ ಅಂತ ಹೊರನಡೆದರು. ಯಾಕೆ ಹೊರಟೆವು ಅಂತ ಬಹಿರಂಗ ಹೇಳಿಕೆಯನ್ನೂ ಕೊಟ್ಟರು. ಪತ್ರಿಕೆಗಳಲ್ಲಿ ಗಲಾಟೆ ಎದ್ದಿತು. ಪೈ ಗುಣವಾಗಿ ಮರಳಿದ ಮೇಲೆ ಫೈನಲ್ಲಿಗೆ ಬಾಲೂ ಉಪನಾಯಕರಾಗಿ ಬಂದರು, ತಮ್ಮಂದಿರೂ ಬಂದರು. ಪೈ ಮೈದಾನ ಬಿಟ್ಟು ಹೊರಗಿದ್ದ ಹೊತ್ತಲ್ಲಿ ತಂಡವನ್ನು ನಡೆಸಿದವರು ಬಾಲೂ. ಅವರ ಪಾಲಿಗೆ ಬಂದ ನಾಯಕತ್ವ ಅಷ್ಟೇ.

1923ರಲ್ಲಿ ವಿಠ್ಠಲ್ ನಾಯಕರಾದರು. ಆ ವರ್ಷ ಹಿಂದೂಗಳು ಕಪ್ ಗೆದ್ದರು. ಮುಂದಿನ ಮೂರು ವರ್ಷದಲ್ಲಿ ಇನ್ನೂ ಎರಡು. ಈ ಜಯವನ್ನು ಗಾಂಧೀಜಿಯ ಅಸ್ಪೃಶ್ಯತಾ ನಿವಾರಣೆಯ ಫಲ ಅಂತ ಆಗಲೂ ಬರೆದರು, ಈಗಲೂ ಬರೀತಾರೆ. ಗಾಳಿ ಬದಲಾಗಿತ್ತು, ಒಪ್ಪೋಣ. ಆದರೆ ಹೊರನಡೆದ ಆ ಇಬ್ಬರ ಹೆಸರು ಯಾಕೆ ಸಣ್ಣಕ್ಷರದಲ್ಲಿ?

ಸಾಗರದಾಚೆ ಇನ್ನೊಂದು ಆಟದಲ್ಲಿ ನಡೆದದ್ದನ್ನೂ ಪಕ್ಕಕ್ಕಿಟ್ಟು ನೋಡಿ. ಅಮೆರಿಕದ ಬೇಸ್‌ಬಾಲ್ ನಮ್ಮ ಹುಡುಗರು ಅಷ್ಟಾಗಿ ನೋಡಲ್ಲ. ಅದೂ ಬ್ಯಾಟು ಚೆಂಡಿನದ್ದೇ ಆಟ. ಅಲ್ಲಿನ ಮೇಜರ್ ಲೀಗ್‌ನಲ್ಲಿ ದಶಕಗಟ್ಟಲೆ ಕಪ್ಪು ಜನರಿಗೆ ಪ್ರವೇಶ ಇರಲಿಲ್ಲ, ಅವರು ತಮ್ಮದೇ ನೀಗ್ರೋ ಲೀಗ್‌ಗಳಲ್ಲಿ ಆಡ್ತಿದ್ದರು. 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಡಾಜರ್ಸ್ ತಂಡ ಜಾಕಿ ರಾಬಿನ್ಸನ್ ಎಂಬ ಕಪ್ಪು ಆಟಗಾರನನ್ನು ಇಳಿಸಿತು. ಎದುರಾಳಿಗಳಿಂದ ಜಾತಿ ಬೈಗುಳದಂಥದ್ದೇ ಬೈಗುಳ, ಕೆಲವು ಊರಲ್ಲಿ ಹೋಟೆಲ್ ರೂಮಿಲ್ಲ. ಆ ಋತುವಿನಲ್ಲಿ ಡಾಜರ್ಸ್ ತಮ್ಮ ಲೀಗ್ ಗೆದ್ದರು, ರಾಬಿನ್ಸನ್ ವರ್ಷದ ಹೊಸ ಆಟಗಾರ ಪ್ರಶಸ್ತಿ ಪಡೆದರು. ಆದರೆ ಕಪ್ಪು ಮನುಷ್ಯನೊಬ್ಬ ಮೇಜರ್ ಲೀಗ್ ತಂಡದ ಮ್ಯಾನೇಜರ್ ಆಗಲು 1975 ಬರಬೇಕಾಯ್ತು. ಕೈ ಬೇಕು, ತಲೆ ಬೇಡ. ಅಲ್ಲೂ ಅದೇ.

ಇನ್ನು ಕಹಿ ಭಾಗ. ನಮ್ಮಲ್ಲಿ ಕೆಲವರು ಬಾಲೂ ಹೆಸರು ಎತ್ತಿದರೆ ಮುಖ ತಿರುಗಿಸ್ತಾರೆ, ಕಾರಣವೂ ಇದೆ. ಬಾಲೂ ಗಾಂಧಿ ಕಡೆಗಿದ್ದರು. ಪ್ರತ್ಯೇಕ ಮತಕ್ಷೇತ್ರದ ವಿಚಾರದಲ್ಲಿ ಎಂ.ಸಿ. ರಾಜಾ ಜೊತೆ ನಿಂತು ಬಾಬಾಸಾಹೇಬರನ್ನು ವಿರೋಧಿಸಿದರು, 1932ರ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ಮುಂಬಯಿಯಲ್ಲಿ ಬಾಬಾಸಾಹೇಬರ ಎದುರೇ ನಿಲ್ಲಿಸಿತು. ಬಾಬಾಸಾಹೇಬರಿಗೆ 13,245 ಮತ, ಬಾಲೂಗೆ 11,225. ಮಾನಪತ್ರ ಬರೆದ ಹುಡುಗ, ಮಾನಪತ್ರ ಪಡೆದ ವೀರನನ್ನು ಸೋಲಿಸಿದ.

ನನಗೆ ಇದರಲ್ಲಿ ಸಿಟ್ಟು ಬರೋದು ಬಾಲೂ ಮೇಲಲ್ಲ, ನಿಲ್ಲಿಸಿದವರ ಮೇಲೆ. ಬದುಕೆಲ್ಲ ನಾಯಕ ಆಗೋಕೆ ಬಿಡದವರಿಗೆ ನಮ್ಮವರ ವಿರುದ್ಧ ನಮ್ಮವರನ್ನು ಇಳಿಸುವಾಗ ಮಾತ್ರ ಬಾಲೂ ನೆನಪಾದರು. ಇವತ್ತಿನ ಮೀಸಲು ಕ್ಷೇತ್ರಗಳ ಟಿಕೆಟ್ ಹಂಚಿಕೆ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜಾಕಿ ರಾಬಿನ್ಸನ್‌ಗೂ ಹೀಗೇ ಆಯ್ತು. 1949ರಲ್ಲಿ ಕಪ್ಪು ಗಾಯಕ, ಹೋರಾಟಗಾರ ಪಾಲ್ ರೋಬ್ಸನ್ ವಿರುದ್ಧ ಮಾತಾಡಲು ಸಂಸತ್ತಿನ ಸಮಿತಿ ಅವರನ್ನು ಕರೆಸಿತು, ಅವರು ಹೋಗಿ ಮಾತಾಡಿದರು. ಸಾಯುವ ವರ್ಷ ಬಂದ ಆತ್ಮಕಥೆಯಲ್ಲಿ ಅದನ್ನು ನೆನೆದು ರೋಬ್ಸನ್ ಬಗ್ಗೆ ತಮಗೆ ಗೌರವ ಹೆಚ್ಚಿದೆ ಅಂತ ಬರೆದರು. ಬಾಲೂ 1955ರಲ್ಲಿ ತೀರಿಕೊಂಡರು.

ಸಹೋದರರಲ್ಲಿ ಬರೆದಿಟ್ಟು ಹೋದವರು ವಿಠ್ಠಲ್. ಅವರ ಆತ್ಮಕಥೆ 'ಮಾಝೆ ಕ್ರೀಡಾ-ಜೀವನ' ಮರಾಠಿಯಲ್ಲಿದೆ, 1948ರದು. ನಿಪ್ಪಾಣಿ, ಬೆಳಗಾವಿ ಕಡೆಯ ಮರಾಠಿ ಬಲ್ಲ ಗೆಳೆಯರು ಯಾರಾದರೂ ಅದರ ನಾಲ್ಕು ಪುಟ ಕನ್ನಡಕ್ಕೆ ತಂದು ಕೊಟ್ಟರೆ, ಮುಂದಿನ ಏಪ್ರಿಲ್ಲಿನ ಪಂದ್ಯಗಳ ಊಟದ ಹೊತ್ತಲ್ಲಿ ಮೈಕ್ ಹಿಡಿದು ಓದೋ ಕೆಲಸ ನನ್ನದು.