ತೂಕ ಇಳಿಸಿ ಬನ್ನಿ ಎಂದವರು, ಜೊತೆಗೆ ನಡೆದವರು

"ಮೊದಲು ತೂಕ ಇಳಿಸಿಕೊಂಡು ಬಾಮ್ಮ, ಆಮೇಲೆ ನೋಡೋಣ." ಪಿಸಿಓಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್) ಇದೆ ಎಂದು ಗೊತ್ತಾದ ಹೆಣ್ಣುಮಕ್ಕಳಲ್ಲಿ ಈ ಮಾತು ಕೇಳದವರು ಕಡಿಮೆ. ಸಲಹೆಯಲ್ಲಿ ತಪ್ಪಿಲ್ಲ. ಆದರೆ ಹೊರರೋಗಿ ವಿಭಾಗದ ಐದು ನಿಮಿಷದಲ್ಲಿ ಅದು ಆಜ್ಞೆಯಾಗಿ ಬರುತ್ತದೆ. ಹೇಗೆ ಇಳಿಸಬೇಕು, ಮನೆಯ ಅಡುಗೆ ಯಾರ ಕೈಯಲ್ಲಿದೆ, ಸಂಜೆ ನಡೆಯಲು ಹೋಗುವ ಸ್ವಾತಂತ್ರ್ಯ ಅವಳಿಗಿದೆಯೇ ಎಂದು ಕೇಳಲು ಯಾರಿಗೂ ಪುರುಸೊತ್ತಿಲ್ಲ. ಈ ಕಾಯಿಲೆಯ ವೈದ್ಯಕೀಯ ಚರಿತ್ರೆಯನ್ನು ಮೊದಲಿನಿಂದ ಓದುತ್ತ ಬಂದರೆ ಒಂದು ಸಂಗತಿ ಎದ್ದು ಕಾಣುತ್ತದೆ. ತೂಕ ಇಳಿಸುವ ಪ್ರಯತ್ನ ಎಲ್ಲಿ ಹೆಚ್ಚು ಫಲ ಕೊಟ್ಟಿತೋ ಅಲ್ಲಿ ಆ ಹೆಣ್ಣುಮಕ್ಕಳ ಜೊತೆಗೆ ಯಾರೋ ವಾರವಾರವೂ ಇದ್ದರು. ಹಾಗಾಗಿ ಬೆಂಬಲವನ್ನು ಚಿಕಿತ್ಸೆಯ ಭಾಗವೆಂದೇ ಎಣಿಸಬೇಕು ಎಂಬುದು ನನ್ನ ವಾದ.

ಕಾಯಿಲೆ ಅಪರೂಪದ್ದಲ್ಲ. ಹೆರುವ ವಯಸ್ಸಿನ ಮಹಿಳೆಯರಲ್ಲಿ ಶೇ. 10ರಿಂದ 13ರಷ್ಟು ಮಂದಿಗೆ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಮುಟ್ಟು ತಿಂಗಳುಗಟ್ಟಲೆ ಮುಂದೆ ಹೋಗುವುದು, ಗಲ್ಲ ಮತ್ತು ಮೇಲ್ದುಟಿಯ ಮೇಲೆ ಕೂದಲು, ಮೊಡವೆ, ಕತ್ತಿನ ಹಿಂದೆ ಕಪ್ಪಾಗುವುದು, ಹೊಟ್ಟೆಯ ಸುತ್ತ ಬೊಜ್ಜು, ಗರ್ಭ ನಿಲ್ಲದಿರುವುದು: ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ನಮ್ಮಲ್ಲಿ ಪಿಸಿಓಡಿ ಎಂದು ಕರೆಯುವುದೂ ಇದನ್ನೇ.

ಇದರ ಮೊದಲ ವಿವರಣೆಯೆಂದು ಸಾಮಾನ್ಯವಾಗಿ ಹೇಳುವುದು 1721ರದ್ದು. ಇಟಲಿಯ ವೈದ್ಯ ಆಂಟೊನಿಯೊ ವಲ್ಲಿಸ್ನೇರಿ ಮಕ್ಕಳಿಲ್ಲದ, ಮೈದುಂಬಿಕೊಂಡ ರೈತ ಹೆಂಗಸೊಬ್ಬಳ ಅಂಡಾಶಯಗಳು ದೊಡ್ಡದಾಗಿ, ಉಬ್ಬುತಗ್ಗಾಗಿ, ಬಿಳುಪಾಗಿ ಹೊಳೆಯುತ್ತಿದ್ದವು ಎಂದು ಬರೆದ. 1921ರಲ್ಲಿ ಫ್ರಾನ್ಸಿನ ಅಶಾರ್ ಮತ್ತು ಥಿಯೆರ್ ಗಡ್ಡ ಬೆಳೆದ ಹೆಂಗಸರ ಮಧುಮೇಹವನ್ನು ವರ್ಣಿಸಿದರು. ಕೂದಲಿಗೂ ಸಕ್ಕರೆಗೂ ನಂಟಿದೆ ಎಂಬ ಸುಳಿವು ಅಲ್ಲೇ ಇತ್ತು, ಆದರೆ ಅದನ್ನು ಹಿಡಿದು ಮುಂದೆ ಹೋಗಲು ಇನ್ನೂ ಅರವತ್ತು ವರ್ಷ ಬೇಕಾಯಿತು.

1935ರಲ್ಲಿ ಶಿಕಾಗೋದ ಇರ್ವಿಂಗ್ ಸ್ಟೈನ್ ಮತ್ತು ಮೈಕಲ್ ಲೆವೆಂಥಾಲ್ ಏಳು ಮಹಿಳೆಯರ ವಿವರ ಪ್ರಕಟಿಸಿದಾಗ ಕಾಯಿಲೆಗೆ ಅವರಿಬ್ಬರ ಹೆಸರೇ ಅಂಟಿಕೊಂಡಿತು. ಅವರ ಚಿಕಿತ್ಸೆ ಶಸ್ತ್ರಕ್ರಿಯೆ. ಊದಿದ ಅಂಡಾಶಯದಿಂದ ಕಲ್ಲಂಗಡಿ ಹೋಳಿನಂತೆ ಒಂದು ಭಾಗವನ್ನು ಕತ್ತರಿಸಿ ತೆಗೆದರು. ಏಳೂ ಮಂದಿಗೆ ಮುಟ್ಟು ಮರಳಿತು, ಇಬ್ಬರು ಗರ್ಭಿಣಿಯರಾದರು. ಮುಂದೆ ಕೆಲವು ದಶಕ ಇದೇ ನಡೆಯಿತು. 1960ರ ದಶಕದಲ್ಲಿ ಕ್ಲೋಮಿಫೀನ್ ಮಾತ್ರೆ ಬಂದ ಮೇಲೆ ಚಾಕು ಹಿಂದೆ ಸರಿಯಿತು. ಅಲ್ಲಿಯವರೆಗೂ ಇದು ಅಂಡಾಶಯದ ಕಾಯಿಲೆ, ಪರಿಹಾರವೆಂದರೆ ಮಗು. ಮಗು ಬೇಡದವಳಿಗೆ, ಇನ್ನೂ ಮದುವೆಯಾಗದವಳಿಗೆ, ಹೆತ್ತಾದವಳಿಗೆ ಹೇಳಲು ವೈದ್ಯಶಾಸ್ತ್ರದ ಬಳಿ ಹೆಚ್ಚೇನೂ ಇರಲಿಲ್ಲ. "ಮದುವೆಯಾದರೆ ಎಲ್ಲ ಸರಿಹೋಗುತ್ತೆ" ಎಂದು ನಮ್ಮ ಮನೆಗಳಲ್ಲಿ ಇಂದಿಗೂ ಹೇಳುವ ಮಾತು ಆ ಕಾಲದ ತಿಳಿವಳಿಕೆಗೇ ಸೇರಿದ್ದು.

ದಿಕ್ಕು ಬದಲಾದದ್ದು 1980ರಲ್ಲಿ. ಅಮೆರಿಕದ ಮೆಂಫಿಸ್‌ನಲ್ಲಿ ಬರ್ಗನ್, ಗಿವೆನ್ಸ್ ಮತ್ತು ಕಿತಬ್ಚಿ, ಈ ಮಹಿಳೆಯರ ರಕ್ತದಲ್ಲಿ ಪುರುಷ ಹಾರ್ಮೋನು ಹೆಚ್ಚಿದಷ್ಟೂ ಇನ್ಸುಲಿನ್ ಹೆಚ್ಚಿರುವುದನ್ನು ತೋರಿಸಿದರು. 1989ರಲ್ಲಿ ಆಂಡ್ರಿಯಾ ಡುನೈಫ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋದರು. ತೆಳ್ಳಗಿರುವವರಲ್ಲೂ ಇನ್ಸುಲಿನ್ ಸರಿಯಾಗಿ ನಾಟುತ್ತಿಲ್ಲ, ದಪ್ಪಗಿರುವವರಲ್ಲಿ ಅದು ಇಮ್ಮಡಿ ತೊಂದರೆ ಎಂದು ಸಾಬೀತಾಯಿತು. ಒಳಗಿನ ವ್ಯವಹಾರ ಹೀಗೆ: ಇನ್ಸುಲಿನ್ನಿಗೆ ಸ್ನಾಯುಗಳು ಓಗೊಡದಿದ್ದಾಗ ಮೇದೋಜೀರಕ ಗ್ರಂಥಿ ಅದನ್ನು ಇನ್ನಷ್ಟು ಸುರಿಸುತ್ತದೆ. ಆ ಹೆಚ್ಚುವರಿ ಇನ್ಸುಲಿನ್ ಅಂಡಾಶಯವನ್ನು ಕೆಣಕಿ ಪುರುಷ ಹಾರ್ಮೋನು ಹೆಚ್ಚಿಸುತ್ತದೆ. ಆ ಹಾರ್ಮೋನನ್ನು ರಕ್ತದಲ್ಲಿ ಕಟ್ಟಿಹಾಕುವ ಪ್ರೋಟೀನನ್ನು ಯಕೃತ್ತು ತಯಾರಿಸುವುದನ್ನೂ ತಗ್ಗಿಸುತ್ತದೆ. ಅಂಡಕೋಶಗಳು ಅರ್ಧ ಬೆಳೆದು ನಿಂತುಬಿಡುತ್ತವೆ. ಸ್ಕ್ಯಾನಿನಲ್ಲಿ ಕಾಣುವ 'ನೀರುಗುಳ್ಳೆ'ಗಳು ಇವೇ. ಕೊಯ್ದು ತೆಗೆಯಬೇಕಾದ ಗಡ್ಡೆಗಳೆಂದು ಹೆದರಬೇಕಾಗಿಲ್ಲ. ಹೊಟ್ಟೆಯ ಬೊಜ್ಜು ಬೆಳೆದರೆ ಇನ್ಸುಲಿನ್ ಪ್ರತಿರೋಧ ಮತ್ತೂ ಬೆಳೆಯುತ್ತದೆ, ಚಕ್ರ ಇನ್ನೊಂದು ಸುತ್ತು ತಿರುಗುತ್ತದೆ.

ಇದು ತಿಳಿದ ಮೇಲೆ ತೂಕದ ಮಾತು ಚಿಕಿತ್ಸೆಯ ನಡುಮನೆಗೆ ಬಂದಿತು. 1992ರಲ್ಲಿ ಲಂಡನ್ನಿನ ಕಿಡ್ಡಿ, ಸ್ಟೀಫನ್ ಫ್ರಾಂಕ್ಸ್ ಮತ್ತಿತರರು ಸ್ಥೂಲಕಾಯದ 24 ಮಹಿಳೆಯರಿಗೆ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟು ನೋಡಿದರು. ತಮ್ಮ ತೂಕದ ಶೇ. 5ಕ್ಕಿಂತ ಹೆಚ್ಚು ಇಳಿಸಿದವರು 13 ಮಂದಿ. ಅವರ ಪೈಕಿ ಮುಟ್ಟಿನ ತೊಂದರೆಯಿದ್ದ 11 ಮಂದಿಯಲ್ಲಿ 9 ಮಂದಿಗೆ ಮುಟ್ಟು ಸುಧಾರಿಸಿತು ಇಲ್ಲವೇ ಗರ್ಭ ನಿಂತಿತು. ಶೇ. 5 ಎಂದರೆ 70 ಕೆ.ಜಿ. ಇರುವವಳಿಗೆ ಮೂರೂವರೆ ಕೆ.ಜಿ. ಸಿನಿಮಾ ನಟಿಯಂತಾಗಬೇಕಿಲ್ಲ, ಮದುವೆಯ ಹೊತ್ತಿನ ರವಿಕೆ ಮತ್ತೆ ಹಿಡಿಸಬೇಕಿಲ್ಲ. ಈ ಸಣ್ಣ ಅಂಕಿ ಎಷ್ಟು ದೊಡ್ಡ ಸಮಾಧಾನ ಎಂಬುದನ್ನು ನಮ್ಮ ಕ್ಲಿನಿಕ್‌ಗಳು ಇನ್ನೂ ಸರಿಯಾಗಿ ಹೇಳುತ್ತಿಲ್ಲ ಎನಿಸುತ್ತದೆ.

ಈ ಚರಿತ್ರೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವುದು ಆಸ್ಟ್ರೇಲಿಯಾದ ಅಡಿಲೇಡಿನ ಕೆಲಸಕ್ಕೆ. ಆನ್ ಕ್ಲಾರ್ಕ್, ರಾಬರ್ಟ್ ನಾರ್ಮನ್ ಮತ್ತು ಜೊತೆಗಾರರು ಮಕ್ಕಳಾಗದ, ತೂಕ ಹೆಚ್ಚಿದ್ದ ಮಹಿಳೆಯರನ್ನು ಗುಂಪು ಸೇರಿಸಿದರು. ಆರು ತಿಂಗಳು, ವಾರಕ್ಕೊಮ್ಮೆ ಸಭೆ. ಒಟ್ಟಿಗೆ ವ್ಯಾಯಾಮ, ಆಮೇಲೆ ಊಟದ ಬಗ್ಗೆ, ಮನಸ್ಸಿನ ಬಗ್ಗೆ ಮಾತುಕತೆ. ತಿಂಗಳಿಗಿಷ್ಟು ಇಳಿಸಲೇಬೇಕೆಂಬ ಒತ್ತಾಯವಿರಲಿಲ್ಲ, ದಿನಚರಿ ನಿಧಾನವಾಗಿ ಬದಲಾಗಲಿ ಎಂಬುದೇ ಗುರಿ. 1995ರ ಮೊದಲ ವರದಿಯಲ್ಲಿ ಕೊನೆಯವರೆಗೆ ಉಳಿದ 13 ಮಂದಿ ಸರಾಸರಿ 6.3 ಕೆ.ಜಿ. ಇಳಿಸಿದ್ದರು, 12 ಮಂದಿಗೆ ಅಂಡೋತ್ಪತ್ತಿ ಮರಳಿತ್ತು. 1998ರ ದೊಡ್ಡ ವರದಿಯಲ್ಲಿ 67 ಮಂದಿ. ಸರಾಸರಿ ಇಳಿಕೆ 10.2 ಕೆ.ಜಿ., 60 ಮಂದಿಗೆ ಅಂಡೋತ್ಪತ್ತಿ, 45 ಮಂದಿಗೆ ಜೀವಂತ ಮಗು. ನಡುವೆ ಬಿಟ್ಟುಹೋದವರಲ್ಲಿ ಇಂಥ ಬದಲಾವಣೆ ಕಾಣಲಿಲ್ಲ. ಅವರು ಲೆಕ್ಕವನ್ನೂ ಹಾಕಿಟ್ಟರು. ಕಾರ್ಯಕ್ರಮಕ್ಕೆ ಮೊದಲು ಇದೇ ಮಹಿಳೆಯರ ಚಿಕಿತ್ಸೆಗೆ ಹುಟ್ಟಿದ ಮಗುವೊಂದಕ್ಕೆ 2,75,000 ಆಸ್ಟ್ರೇಲಿಯನ್ ಡಾಲರ್ ಖರ್ಚಾಗಿದ್ದರೆ, ಆಮೇಲೆ ಅದು 4,600ಕ್ಕೆ ಇಳಿಯಿತು. ಬಿಟ್ಟುಹೋದವರನ್ನೇ ಹೋಲಿಕೆಗೆ ಇಟ್ಟುಕೊಂಡದ್ದು ಈ ಅಧ್ಯಯನದ ದೌರ್ಬಲ್ಯ, ಏಕೆಂದರೆ ಉಳಿದವರು ಮೊದಲೇ ಹೆಚ್ಚು ಛಲದವರಿದ್ದಿರಬಹುದು. ಹಾಗಿದ್ದರೂ ಬೇರೆಡೆ ಸೋತು ಬಂದಿದ್ದವರು ಇಲ್ಲಿ ಆರು ತಿಂಗಳು ಏಕೆ ಉಳಿದರು ಎಂದು ಕೇಳಿಕೊಂಡರೆ, ಪಕ್ಕದಲ್ಲಿ ಕುಳಿತಿದ್ದ ಇನ್ನೊಬ್ಬ ಹೆಂಗಸು ಎಂಬ ಉತ್ತರವನ್ನು ತಳ್ಳಿಹಾಕಲಾರೆ.

ಮುಂದಿನ ಅಧ್ಯಯನಗಳು ಉತ್ಸಾಹಕ್ಕೆ ಲಗಾಮು ಹಾಕಿದವು. 2016ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ, ಬಂಜೆತನಕ್ಕೆ ಚಿಕಿತ್ಸೆ ಬಯಸಿದ ಸ್ಥೂಲಕಾಯದ 577 ಮಹಿಳೆಯರ ಪೈಕಿ ಅರ್ಧದಷ್ಟು ಮಂದಿಗೆ ಆರು ತಿಂಗಳ ಜೀವನಶೈಲಿ ಕಾರ್ಯಕ್ರಮ ಮುಗಿಸಿ ಆಮೇಲೆ ಚಿಕಿತ್ಸೆ ಕೊಟ್ಟರು, ಉಳಿದವರಿಗೆ ನೇರ ಚಿಕಿತ್ಸೆ. ಇವರೆಲ್ಲರಿಗೂ ಪಿಸಿಓಎಸ್ ಇರಲಿಲ್ಲ. ಕಾರ್ಯಕ್ರಮಕ್ಕೆ ಹೋದವರು ಸರಾಸರಿ 4.4 ಕೆ.ಜಿ. ಇಳಿಸಿದರು, ಚಿಕಿತ್ಸೆಯಿಲ್ಲದೆ ತಾನಾಗಿ ಗರ್ಭ ನಿಂತದ್ದೂ ಅವರಲ್ಲೇ ಹೆಚ್ಚು. ಆದರೆ ಎರಡು ವರ್ಷದೊಳಗೆ ತುಂಬು ದಿನದ ಆರೋಗ್ಯವಂತ ಮಗುವನ್ನು ಸಹಜ ಹೆರಿಗೆಯಲ್ಲಿ ಪಡೆದವರ ಪ್ರಮಾಣ ನೇರ ಚಿಕಿತ್ಸೆಯ ಗುಂಪಿಗಿಂತ ಕಡಿಮೆಯಿತ್ತು. ತೂಕ ಇಳಿಸುವವರೆಗೆ ಚಿಕಿತ್ಸೆಯ ಬಾಗಿಲು ತೆರೆಯುವುದಿಲ್ಲ ಎನ್ನುವ ವೈದ್ಯರು ಇದನ್ನು ಗಮನಿಸಬೇಕು. ಮೂವತ್ತೈದು ದಾಟಿದವಳಿಗೆ ಆರು ತಿಂಗಳ ಕಾಯುವಿಕೆ ಚಿಕ್ಕದಲ್ಲ.

ಅದೇ ದೇಶದ ರಾಟರ್‌ಡ್ಯಾಮಿನಿಂದ 2020ರ ಹೊತ್ತಿಗೆ ಬಂದ ಜೆರಾನ್ ಯಿಸ್ಕೂಟ್ ತಂಡದ ಪ್ರಯೋಗ ಬೆಂಬಲದ ಪ್ರಶ್ನೆಯನ್ನು ನೇರವಾಗಿ ಅಳೆಯಿತು. ಪಿಸಿಓಎಸ್ ಇದ್ದ 183 ಮಹಿಳೆಯರನ್ನು ಮೂರು ಗುಂಪು ಮಾಡಿದರು. ಮೊದಲನೆಯದಕ್ಕೆ ಎಂದಿನ ಸಲಹೆ. ಎರಡನೆಯದಕ್ಕೆ ಆಹಾರ, ವ್ಯಾಯಾಮ ಮತ್ತು ಮನಶ್ಶಾಸ್ತ್ರಜ್ಞರ ವರ್ತನಾ ಚಿಕಿತ್ಸೆ ಸೇರಿದ ಗುಂಪು ಸಭೆಗಳು. ಮೂರನೆಯದಕ್ಕೆ ಇವುಗಳ ಜೊತೆಗೆ ಮೊಬೈಲಿಗೆ ಎಸ್‌ಎಂಎಸ್. ಒಂದು ವರ್ಷದಲ್ಲಿ ಮೊದಲ ಗುಂಪು ಸರಾಸರಿ 2.3 ಕೆ.ಜಿ., ಎರಡನೆಯದು 4.7 ಕೆ.ಜಿ., ಮೂರನೆಯದು 7.9 ಕೆ.ಜಿ. ಇಳಿಸಿತು. ನಡುವೆ ಬಿಟ್ಟವರು ಇಲ್ಲೂ ಹಲವರು. ಆದರೂ ನಿನ್ನ ಪ್ರಯತ್ನವನ್ನು ಒಬ್ಬರು ನೋಡುತ್ತಿದ್ದಾರೆ ಎಂದು ನೆನಪಿಸುವ ನಾಲ್ಕು ಸಾಲಿನ ಸಂದೇಶ ಮೂರು ಕೆ.ಜಿ. ಹೆಚ್ಚು ತೂಗಿದ್ದು ನನಗೆ ಬಹಳ ದೊಡ್ಡ ಸುದ್ದಿ.

ಬೆಂಬಲದ ಈ ಬೆಲೆಯನ್ನು ರೋಗಿಗಳೂ ತಾವಾಗಿಯೇ ಕಂಡುಕೊಂಡಿದ್ದರು. 1990ರ ದಶಕದ ಕೊನೆಯಲ್ಲಿ ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಪಿಸಿಓಎಸ್ ಇರುವ ಮಹಿಳೆಯರೇ ಸಂಘ ಕಟ್ಟಿದರು. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದ ಹೆಲೆನಾ ಟೀಡ್ ನೇತೃತ್ವದಲ್ಲಿ 2018ರಲ್ಲಿ ಬಂದು 2023ರಲ್ಲಿ ಪರಿಷ್ಕೃತವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯನ್ನು ರೂಪಿಸುವಾಗ ರೋಗಿಗಳ ಪ್ರತಿನಿಧಿಗಳೂ ಮೇಜಿನ ಸುತ್ತ ಕುಳಿತಿದ್ದರು. ಫಲ ಕಣ್ಣಿಗೆ ಕಾಣುತ್ತದೆ. ತೂಕ ನೋಡುವ ಮುನ್ನ ರೋಗಿಯ ಒಪ್ಪಿಗೆ ಕೇಳಿ ಎನ್ನುತ್ತದೆ ಮಾರ್ಗಸೂಚಿ. ದಪ್ಪಗಿರುವವರನ್ನು ಹೀಯಾಳಿಸುವುದು ಅವರ ಆರೋಗ್ಯಕ್ಕೆ ಕೆಡುಕು ಎಂದು ಎಚ್ಚರಿಸುತ್ತದೆ. ಖಿನ್ನತೆ, ಆತಂಕ ಇವೆಯೇ ಎಂದು ಎಲ್ಲರನ್ನೂ ತಪಾಸಣೆ ಮಾಡಬೇಕು ಎನ್ನುತ್ತದೆ. ಒಂದು ಆಹಾರಕ್ರಮ ಇನ್ನೊಂದಕ್ಕಿಂತ ಮೇಲು ಎನ್ನಲು ಪುರಾವೆಯಿಲ್ಲವೆಂದೂ, ಹದಿಹರೆಯದ ಹುಡುಗಿಯರಲ್ಲಿ ರೋಗ ಗುರುತಿಸಲು ಸ್ಕ್ಯಾನನ್ನು ನಂಬಬಾರದೆಂದೂ ಸ್ಪಷ್ಟಪಡಿಸುತ್ತದೆ. ಮೈನೆರೆದು ಎರಡು ವರ್ಷವೂ ಆಗದ ಮಗಳನ್ನು ಸ್ಕ್ಯಾನಿಂಗ್ ಸೆಂಟರಿಗೆ ಕರೆದೊಯ್ದು ಗಾಬರಿಯಾಗುವ ತಾಯಂದಿರು ಈ ಕೊನೆಯ ಮಾತನ್ನು ತಿಳಿದಿರಬೇಕು.

ನಮ್ಮ ದೇಶದ ಚಿತ್ರ ಸ್ಪಷ್ಟವಾಗುತ್ತಿರುವುದು ಈಚೆಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನಿಂದ ನಡೆದು 2024ರಲ್ಲಿ ಪ್ರಕಟವಾದ ಸಮೀಕ್ಷೆ ದೇಶದ ಹಲವು ಭಾಗಗಳ 9,824 ಮಹಿಳೆಯರನ್ನು ಪರೀಕ್ಷಿಸಿತು. 1990ರ ಕಟ್ಟುನಿಟ್ಟಿನ ಅಮೆರಿಕನ್ ಮಾನದಂಡ ಹಿಡಿದರೆ ಶೇ. 7.2, ಅನಿಯಮಿತ ಮುಟ್ಟು, ಪುರುಷ ಹಾರ್ಮೋನಿನ ಲಕ್ಷಣ, ಸ್ಕ್ಯಾನಿನ ಚಿತ್ರ ಈ ಮೂರರಲ್ಲಿ ಎರಡಿದ್ದರೆ ಸಾಕೆನ್ನುವ 2003ರ ರಾಟರ್‌ಡ್ಯಾಮ್ ಮಾನದಂಡ ಹಿಡಿದರೆ ಶೇ. 19.6 ಮಂದಿಗೆ ಪಿಸಿಓಎಸ್ ಇತ್ತು. ನಮ್ಮವರ ಮೈಕಟ್ಟಿನದೂ ಒಂದು ಸಮಸ್ಯೆ. ತಕ್ಕಡಿಯಲ್ಲಿ ತೆಳ್ಳಗೆ, ಹೊಟ್ಟೆಯಲ್ಲಿ ಕೊಬ್ಬು ಎಂಬುದನ್ನು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಬಹಳ ಹಿಂದೆಯೇ ತೋರಿಸಿದ್ದಾರೆ. ಆದ್ದರಿಂದಲೇ ಭಾರತದಲ್ಲಿ ಬಿಎಂಐ 23 ದಾಟಿದರೆ ಅಧಿಕ ತೂಕ, ಹೆಂಗಸರ ಸೊಂಟದ ಸುತ್ತಳತೆ 80 ಸೆಂ.ಮೀ. ಮೀರಿದರೆ ಎಚ್ಚರಿಕೆ. ಟೇಪು ಅನೇಕರಿಗೆ ತೂಕದ ಯಂತ್ರಕ್ಕಿಂತ ನಿಜ ಹೇಳುತ್ತದೆ.

ಬೆಂಗಳೂರಿನ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದ ಡಾ. ಆರ್. ನಾಗರತ್ನ ಮತ್ತು ಸಂಗಡಿಗರು ಪಕ್ಕದ ಅನಂತಪುರದಲ್ಲಿ ನಡೆಸಿದ ಪ್ರಯೋಗ ಇಲ್ಲಿ ನೆನೆಯಬೇಕಾದ್ದು. ವಸತಿ ಕಾಲೇಜಿನಲ್ಲಿದ್ದ 15ರಿಂದ 18 ವರ್ಷದ 90 ಹುಡುಗಿಯರು, 12 ವಾರ, ದಿನಕ್ಕೊಂದು ಗಂಟೆ. ಅರ್ಧ ಮಂದಿಗೆ ಯೋಗ, ಅರ್ಧ ಮಂದಿಗೆ ಸಾಮಾನ್ಯ ವ್ಯಾಯಾಮ. ಎರಡು ಗುಂಪುಗಳ ನಡುವೆ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆದರೆ ಯೋಗ ಮಾಡಿದವರಲ್ಲಿ ಇನ್ಸುಲಿನ್ ಪ್ರತಿರೋಧವೂ ಪುರುಷ ಹಾರ್ಮೋನೂ ಹೆಚ್ಚು ತಗ್ಗಿದವು. ತಕ್ಕಡಿಯ ಮುಳ್ಳು ಅಲುಗದಿದ್ದರೂ ಒಳಗೆ ಒಳ್ಳೆಯದಾಗುತ್ತಿರುತ್ತದೆ ಎಂದು ಮೂರನೆಯ ವಾರಕ್ಕೇ ಸೋತು ಕೂರುವ ಹುಡುಗಿಗೆ ಯಾರಾದರೂ ಹೇಳಬೇಕು.

ಊಟದ ವಿಷಯದಲ್ಲಿ ನಮಗೆ ಹೊರಗಿನಿಂದ ತರಿಸುವ ದುಬಾರಿ ಕಾಳು ಬೇಕಿಲ್ಲ. ಭಾರತೀಯರ ಊಟದ ಶಕ್ತಿಯಲ್ಲಿ ಶೇ. 62ರಷ್ಟು ಪಿಷ್ಟ, ಸಕ್ಕರೆಗಳಿಂದಲೇ ಬರುತ್ತದೆಂದು ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ ಹೇಳಿದೆ. ಅನ್ನದ ರಾಶಿ ತಗ್ಗಿಸಿ ಹುರುಳಿ, ಮೊಳಕೆ ಕಾಳು, ಸೊಪ್ಪಿನ ಪಲ್ಯ, ಮೊಟ್ಟೆ, ಮಜ್ಜಿಗೆ ಹೆಚ್ಚಿಸುವುದು ಮೈಸೂರಿನಲ್ಲೂ ಕಲಬುರಗಿಯಲ್ಲೂ ಆಗುವಂಥದು. ತೊಡಕಿರುವುದು ಬೇರೆಡೆ. ಸೊಸೆ ತನಗಾಗಿ ಬೇರೆ ಅಡುಗೆ ಮಾಡಿಕೊಂಡರೆ ಮಾತು ಬರುತ್ತದೆ, ಎಲ್ಲರ ತಟ್ಟೆ ಬದಲಿಸುವ ಅಧಿಕಾರ ಅವಳಿಗಿಲ್ಲ. "ಇಷ್ಟೇ ತಿಂದರೆ ಹೇಗಮ್ಮಾ" ಎಂದು ಬಡಿಸುವವರೇ ಮರುದಿನ "ದಪ್ಪ ಆಗ್ತಿದ್ದೀಯ" ಎನ್ನುತ್ತಾರೆ. ಅತ್ತೆಯೋ ಗಂಡನೋ ಒಮ್ಮೆ ವೈದ್ಯರ ಬಳಿ ಜೊತೆಗೆ ಬಂದು ಕೂತರೆ ಮಾತ್ರೆಗಿಂತ ಹೆಚ್ಚು ಕೆಲಸವಾದೀತು.

ಈಗ ಹೊಸ ಚುಚ್ಚುಮದ್ದುಗಳು ಬಂದಿವೆ. 2025ರಲ್ಲಿ ಟಿರ್ಜೆಪಟೈಡ್ ಮತ್ತು ತೂಕ ಇಳಿಸಲೆಂದೇ ಇರುವ ಸೆಮಾಗ್ಲುಟೈಡ್ ಭಾರತದ ಮಾರುಕಟ್ಟೆಗೆ ಕಾಲಿಟ್ಟವು. ಇಳಿಕೆ ಗಣನೀಯ. ಆದರೆ ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಒಂದು ವರ್ಷದೊಳಗೆ ಇಳಿದದ್ದರ ಮೂರನೇ ಎರಡು ಭಾಗ ಮರಳಿ ಬಂದದ್ದನ್ನು ದೊಡ್ಡ ಪ್ರಯೋಗವೊಂದು ದಾಖಲಿಸಿದೆ. ಗರ್ಭ ಧರಿಸುವ ಮೊದಲೇ ಇವನ್ನು ನಿಲ್ಲಿಸಬೇಕು. ತೂಕ ಇಳಿಯುತ್ತಿದ್ದಂತೆ ಅಂಡೋತ್ಪತ್ತಿ ಮರಳಬಹುದು, ಟಿರ್ಜೆಪಟೈಡ್ ಗರ್ಭನಿರೋಧಕ ಮಾತ್ರೆಯ ಪರಿಣಾಮವನ್ನೂ ತಗ್ಗಿಸಬಲ್ಲದು. ಇದನ್ನೆಲ್ಲ ಬಿಡಿಸಿ ಹೇಳಿ, ತಿಂಗಳು ತಿಂಗಳೂ ವಿಚಾರಿಸುವವರಿಲ್ಲದೆ ಕೈಗೆ ಸೂಜಿ ಕೊಟ್ಟು ಕಳಿಸುವುದು ಅಪಾಯ.

ವಿಚಾರಿಸುವವರನ್ನು ಎಲ್ಲಿಂದ ತರುವುದು? ಅಡಿಲೇಡಿಗೆ ಬೇಕಾದದ್ದು ಒಂದು ಕೋಣೆ, ವಾರದಲ್ಲೊಂದು ಸಂಜೆ, ಆಹಾರ ತಿಳಿದವರೊಬ್ಬರು. ಕರ್ನಾಟಕದಲ್ಲಿ 2000ದ ಹೊತ್ತಿಗೆ ಶುರುವಾದ ಸ್ತ್ರೀಶಕ್ತಿ ಸಂಘಗಳಲ್ಲಿ ಹದಿನೈದಿಪ್ಪತ್ತು ಹೆಂಗಸರು ವಾರಕ್ಕೊಮ್ಮೆ ಕೂತು ಉಳಿತಾಯದ ಲೆಕ್ಕ ಬರೆಯುತ್ತಾರೆ, ಕಷ್ಟಸುಖ ಮಾತಾಡುತ್ತಾರೆ. ಪಿಸಿಓಎಸ್ ಇರುವ ಹುಡುಗಿಯರು ಆ ಸಂಘದಲ್ಲಿಲ್ಲದಿರಬಹುದು, ಅವರ ತಾಯಂದಿರು, ಅತ್ತೆಯಂದಿರು ಇದ್ದಾರೆ. ಅಡುಗೆಮನೆಯ ಅಧಿಕಾರವೂ ಅವರದೇ. ತಿಂಗಳಿಗೊಂದು ಸಭೆಯಲ್ಲಿ ಆಶಾ ಕಾರ್ಯಕರ್ತೆಯೋ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸೋ ಸೊಂಟದ ಟೇಪು ಹಿಡಿದು ಬರಲಿ. ಹುಡುಗಿಯರ ಹಾಸ್ಟೆಲುಗಳಲ್ಲಿ ಸಂಜೆ ಒಂದು ಗಂಟೆ ಒಟ್ಟಿಗೆ ನಡೆಯುವ, ಯೋಗ ಮಾಡುವ ವ್ಯವಸ್ಥೆಯಾಗಲಿ. ಅನಂತಪುರದ ಹುಡುಗಿಯರು ಹಾಸ್ಟೆಲಿನಲ್ಲಿದ್ದುಕೊಂಡೇ 12 ವಾರದಲ್ಲಿ ಅದನ್ನು ಮಾಡಿದ್ದಾರೆ.