ಕೇಶಪ್ರಕ್ಷಾಲನದ ದ್ರವ್ಯಗಳು: ಸೀಗೆ, ಅಂಟುವಾಳ ಮತ್ತು ಚಿಗರೆ

ಪ್ರಾಚೀನ ಗ್ರಂಥಗಳಲ್ಲಿ ಸ್ನಾನದ ಪ್ರಸ್ತಾಪ ಬಂದಾಗಲೆಲ್ಲ ಅದಕ್ಕೆ ಬೇಕಾದ ದ್ರವ್ಯಗಳನ್ನು ‘ಒಂದು ಬಗೆಯ ಚೂರ್ಣ’, ‘ಒಂದು ಜಾತಿಯ ಕಾಯಿ’ ಎಂದು ಅರ್ಥ ಬರೆದು ಮುಂದೆ ಸಾಗುವುದು ವಾಡಿಕೆಯಾಗಿದೆ. ಇದರ ಫಲವಾಗಿ ಪಾಠ ಹೇಳುವಾಗ ‘ಫೇನಕ’ವು ಸಾಬೂನೂ, ‘ಶಿರಃಸ್ನಾನ’ವು ಷಾಂಪೂವೂ ಆಗಿಬಿಡುತ್ತವೆ. ಈ ಎರಡು ಸಮೀಕರಣಗಳೂ ಸರಿಯಲ್ಲ. ಕೊಳೆಯನ್ನು ಕಳೆಯುವ ವಸ್ತು, ಜಿಡ್ಡನ್ನು ಹೀರುವ ವಸ್ತು, ಪರಿಮಳವನ್ನು ಕೊಡುವ ವಸ್ತು, ಇವು ಬೇರೆ ಬೇರೆ. ಹಿಂದಿನವರು ಅವುಗಳನ್ನು ಬೇರೆ ಬೇರೆಯಾಗಿಯೇ ತಿಳಿದಿದ್ದರು.

ಮೊದಲು ಷಾಂಪೂ ಎಂಬ ಮಾತನ್ನೇ ತೆಗೆದುಕೊಳ್ಳಬಹುದು. ಇದು ಹಿಂದೀ ಭಾಷೆಯ ‘ಚಾಂಪ್ನಾ’, ಎಂದರೆ ಒತ್ತು, ಅಮುಕು ಎಂಬ ಧಾತುವಿನ ವಿಧ್ಯರ್ಥರೂಪವಾದ ‘ಚಾಂಪೋ’ ಎಂಬುದರಿಂದ ೧೮ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಸೇರಿತು. ಆಗ ಅದಕ್ಕೆ ಮೈಯೊತ್ತುವುದು ಎಂಬುದೊಂದೇ ಅರ್ಥ. ಪಾಟನೆಯಲ್ಲಿ ಹುಟ್ಟಿ, ಕಂಪನಿಯ ಬಂಗಾಳದ ದಂಡಿನಲ್ಲಿದ್ದು, ಅನಂತರ ಐರ್ಲೆಂಡಿಗೂ ಇಂಗ್ಲೆಂಡಿಗೂ ಹೋಗಿ ನೆಲಸಿದ ದೀನ್ ಮಹಮ್ಮದನು ಬ್ರೈಟನ್ ಪಟ್ಟಣದಲ್ಲಿ ಮೂಲಿಕೆಗಳ ಹಬೆಸ್ನಾನವನ್ನೂ ಅಂಗಮರ್ದನವನ್ನೂ ನಡೆಸಿ, ೧೮೨೨ರಲ್ಲಿ ‘ಷಾಂಪೂಯಿಂಗ್’ ಎಂಬ ಪುಸ್ತಕವನ್ನು ಪ್ರಕಟಿಸಿದನು. ಆತನ ಗೃಹದಲ್ಲಿ ರೋಗಿಗಳ ಕೀಲುನೋವಿಗೆ ಉಪಚಾರ ನಡೆಯುತ್ತಿತ್ತೇ ಹೊರತು ತಲೆಗೂದಲಿನ ಕೊಳೆಯ ಚಿಂತೆ ಇರಲಿಲ್ಲ. ತಲೆಯನ್ನು ತೊಳೆಯುವುದು ಎಂಬ ಅರ್ಥವು ೧೯ನೆಯ ಶತಮಾನದ ಮಧ್ಯದ ಸುಮಾರಿಗೆ ಆ ಮಾತಿಗೆ ಬಂದಿತು. ಆದುದರಿಂದ ಶಬ್ದವು ಇಲ್ಲಿಯದೆಂದ ಮಾತ್ರಕ್ಕೆ ಈಗಿನ ಪದಾರ್ಥವೂ ಇಲ್ಲಿಂದಲೇ ಹೋಯಿತೆಂದು ಹಿಗ್ಗುವುದಕ್ಕೆ ಆಧಾರವಿಲ್ಲ. ಇಲ್ಲಿಯ ಪದಾರ್ಥದ ಚರಿತ್ರೆ ಬೇರೆ. ಅದು ಇದಕ್ಕಿಂತ ಬಹಳ ಹಳೆಯದು.

ವಾತ್ಸ್ಯಾಯನನು ನಾಗರಕನ ದಿನಚರ್ಯೆಯನ್ನು ಹೇಳುವಲ್ಲಿ ನಿತ್ಯವೂ ಸ್ನಾನ, ಎರಡು ದಿನಗಳಿಗೊಮ್ಮೆ ಉತ್ಸಾದನ, ಮೂರು ದಿನಗಳಿಗೊಮ್ಮೆ ಫೇನಕ ಎಂದು ವಿಧಿಸಿದ್ದಾನೆ. ಫೇನವೆಂದರೆ ನೊರೆ. ಅಮರಸಿಂಹನು ಅರಿಷ್ಟವೃಕ್ಷಕ್ಕೆ ಫೇನಿಲವೆಂಬ ಪರ್ಯಾಯವನ್ನು ಕೊಡುತ್ತಾನೆ. ಇದೇ ಕನ್ನಡದ ಅಂಟುವಾಳ. ಮನುಸ್ಮೃತಿಯ ಐದನೆಯ ಅಧ್ಯಾಯದ ದ್ರವ್ಯಶುದ್ಧಿಪ್ರಕರಣದಲ್ಲಿ ಕುತಪವೆಂಬ ಕಂಬಳಿಯನ್ನು ಅರಿಷ್ಟದಿಂದಲೂ, ಅಂಶುಪಟ್ಟವನ್ನು ಬಿಲ್ವದ ಕಾಯಿಯಿಂದಲೂ, ನಾರುಮಡಿಯನ್ನು ಬಿಳಿಯ ಸಾಸಿವೆಯಿಂದಲೂ ತೊಳೆಯಬೇಕೆಂದಿದೆ. ರೋಮದಿಂದ ನೆಯ್ದ ಬಟ್ಟೆಗೆ ಒದಗಿದ ಕಾಯಿಯು ತಲೆಯ ಕೂದಲಿಗೂ ಒದಗಿದುದು ಸ್ವಾಭಾವಿಕವೇ ಸರಿ. ಅಕ್ಕಸಾಲೆಯು ಒಡವೆಗಳನ್ನು ಬೆಳಗುವುದಕ್ಕೆ ಇಟ್ಟುಕೊಳ್ಳುತ್ತಿದ್ದುದೂ ಇದನ್ನೇ. ಪಾಶ್ಚಾತ್ಯ ಸಸ್ಯಶಾಸ್ತ್ರಜ್ಞರು ಈ ಕುಲಕ್ಕೆ ಇಟ್ಟ ‘ಸಪಿಂಡಸ್’ ಎಂಬ ಹೆಸರಿಗೂ ಲ್ಯಾಟಿನ್ ಭಾಷೆಯಲ್ಲಿ ‘ಭಾರತದ ಸಾಬೂನು’ ಎಂದೇ ಅರ್ಥ.

ಸೀಗೆಯ ವಿಷಯವು ಇಷ್ಟು ಸುಲಭವಲ್ಲ. ಅಮರಕೋಶದಲ್ಲಿ ಸಪ್ತಲಾ, ಸಾತಲಾ, ವಿಮಲಾ, ಭೂರಿಫೇನಾ, ಚರ್ಮಕಷಾ ಎಂಬ ಹೆಸರುಗಳು ಒಂದೇ ಗಿಡಕ್ಕೆ ಸೇರಿ ಬಂದಿವೆ. ಇದು ಸೀಗೆಯೆಂದು ಕೆಲವರು, ಹಾಲುಬರುವ ಕಳ್ಳಿಯ ಜಾತಿಯೆಂದು ಕೆಲವರು. ಚರಕಸಂಹಿತೆಯ ಕಲ್ಪಸ್ಥಾನದಲ್ಲಿ ಸಪ್ತಲೆಯನ್ನು ಶಂಖಿನಿಯೊಡನೆ ವಿರೇಚನಕ್ಕೆ ಹೇಳಿರುವುದು ಎರಡನೆಯ ಪಕ್ಷದವರಿಗೆ ಬಲವಾದ ಆಧಾರ. ಆದರೆ ವಿಮಲಾ, ಭೂರಿಫೇನಾ ಎಂಬ ಹೆಸರುಗಳು ಕಳ್ಳಿಗೆ ಹೇಗೆ ಹೊಂದಿಯಾವು? ಹೇರಳವಾದ ನೊರೆಯೂ ನಿರ್ಮಲತೆಯೂ ಸೀಗೆಯ ಲಕ್ಷಣಗಳೇ. ವೈದ್ಯರ ಸಪ್ತಲೆಯೂ ಕೋಶಕಾರನ ಭೂರಿಫೇನೆಯೂ ಎಲ್ಲ ಕಾಲದಲ್ಲಿಯೂ ಎಲ್ಲ ದೇಶದಲ್ಲಿಯೂ ಒಂದೇ ಗಿಡವಾಗಿದ್ದಿತೆಂದು ಹಟ ಹಿಡಿಯದಿದ್ದರೆ ವಿವಾದವು ಬಹುಮಟ್ಟಿಗೆ ಅಡಗುತ್ತದೆ. ಪ್ರಸಂಗವಶಾತ್ ಒಂದು ಮಾತು: ಆಶ್ವಯುಜದ ಸೀಗೆಹುಣ್ಣಿಮೆಯು ಹೊಲದ ಪೈರನ್ನು ಪೂಜಿಸುವ ಹಬ್ಬ, ನಾಮಸಾಮ್ಯವೊಂದನ್ನೇ ಹಿಡಿದು ಅದನ್ನು ಈ ಚರ್ಚೆಗೆ ಎಳೆಯಬಾರದು.

ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ, ಎಂದರೆ ೬ನೆಯ ಶತಮಾನದಲ್ಲಿ, ಗಂಧಯುಕ್ತಿಯೆಂಬ ಅಧ್ಯಾಯವು ನರೆಗೂದಲಿನ ಚಿಕಿತ್ಸೆಯಿಂದ ಆರಂಭವಾಗುತ್ತದೆ. ಹಾರಕದ ಅಕ್ಕಿಯನ್ನು ಕಬ್ಬಿಣದ ಪಾತ್ರೆಯಲ್ಲಿ ಹುಳಿಯೊಡನೆ ಬೇಯಿಸಿ, ಕಬ್ಬಿಣದ ಪುಡಿಯೊಡನೆ ಅರೆದು ತಲೆಗೆ ಹಚ್ಚಿ ಹಸಿಯ ಎಲೆಗಳಿಂದ ಸುತ್ತಬೇಕು. ಎರಡು ಪ್ರಹರಗಳು ಕಳೆದ ಮೇಲೆ ಅದನ್ನು ತೆಗೆದು ನೆಲ್ಲಿಕಾಯಿಯ ಲೇಪವನ್ನಿಟ್ಟು ಮತ್ತೆ ಎರಡು ಪ್ರಹರಗಳ ತರುವಾಯ ತೊಳೆಯಬೇಕು. ಒಟ್ಟು ೧೨ ಗಂಟೆಗಳ ಕೆಲಸ. ಹುಳಿಯಲ್ಲಿ ಕರಗಿದ ಕಬ್ಬಿಣವೂ ನೆಲ್ಲಿಯ ಒಗರೂ ಕೂಡಿ ಕಪ್ಪಾಗುವುದು ಇದರ ಮರ್ಮ. ಹಿಂದಿನ ಲಿಪಿಕಾರರ ಶಾಯಿಯೂ ಹಲವೆಡೆ ಇದೇ ಕ್ರಮದಲ್ಲಿ ಸಿದ್ಧವಾಗುತ್ತಿತ್ತು. ಇದಾದ ಮೇಲೆ ತಲೆಗೆ ಹತ್ತಿದ ಕಬ್ಬಿಣದ ಮತ್ತು ಹುಳಿಯ ವಾಸನೆಯನ್ನು ಹೋಗಲಾಡಿಸಲು ಶಿರಃಸ್ನಾನವನ್ನೂ ಸುಗಂಧತೈಲವನ್ನೂ ಹೇಳಿದ್ದಾನೆ. ದಾಲ್ಚಿನ್ನಿ, ಕೋಷ್ಠ, ತಗರ, ಕೇಸರ, ಪತ್ರ ಮೊದಲಾದವುಗಳ ಆ ಶಿರಃಸ್ನಾನವು ರಾಜಯೋಗ್ಯವಾದುದಂತೆ. ಆ ಪಟ್ಟಿಯಲ್ಲಿ ನೊರೆಯ ಕಾಯಿಯೊಂದೂ ಇಲ್ಲದಿರುವುದು ಗಮನಾರ್ಹ. ಅದು ಗಂಧೋದಕವೇ ಹೊರತು ಮಲಹರವಲ್ಲ. ಅದನ್ನು ಷಾಂಪೂ ಎಂದು ಅನುವಾದಿಸುವವರು ಈ ಸಂದರ್ಭವನ್ನು ಮರೆತಿರುತ್ತಾರೆ.

೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಸ್ನಾನಭೋಗಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಅದು ಅರಮನೆಯ ಭೋಗ. ಸಾಮಾನ್ಯ ಜನರ ರೂಢಿಗೆ ಕನ್ನಡದ ಮಾತುಗಳೇ ಹೆಚ್ಚು ಸಾಕ್ಷಿಯಾಗಿವೆ. ಹಳಗನ್ನಡದ ‘ಮೀ’ ಧಾತುವು ಮೈಯೆಲ್ಲ ತೊಯ್ಯುವ ಸ್ನಾನಕ್ಕೆ ಸಲ್ಲುತ್ತದೆ. ‘ಮಜ್ಜನಕ್ಕೆರೆ’ ಎಂಬ ವಚನಕಾರರ ಪ್ರಯೋಗದಲ್ಲಿ ಮೇಲಿನಿಂದ ನೀರು ಹೊಯ್ಯುವ ಭಾವವಿದೆ. ‘ತಲೆಗೆ ಎರೆದುಕೊಳ್ಳು’ ಎಂಬ ಇಂದಿನ ಮನೆಮಾತು ಆ ಧಾತುವನ್ನೇ ಉಳಿಸಿಕೊಂಡಿದೆ. ಹೆಂಗಸರಿಗೆ ಮಂಗಳವಾರ ಶುಕ್ರವಾರ, ಗಂಡಸರಿಗೆ ಶನಿವಾರ ಎಂಬ ಎಣ್ಣೆನೀರಿನ ಕಟ್ಟಳೆಯೂ, ನರಕಚತುರ್ದಶಿಗೆ ಮುನ್ನಾದಿನದ ನೀರು ತುಂಬುವ ಹಬ್ಬವೂ ಇದರ ಸುತ್ತಲೇ ಬೆಳೆದವು.

ಮನೆಗಳಲ್ಲಿ ಬಳಕೆಯಲ್ಲಿದ್ದ ದ್ರವ್ಯಗಳನ್ನು ಅವುಗಳ ಗುಣವನ್ನು ನೋಡಿ ವಿಂಗಡಿಸಿದರೆ ಗೊಂದಲವು ಪರಿಹಾರವಾಗುತ್ತದೆ. ಸೀಗೆಯ ಮತ್ತು ಅಂಟುವಾಳದ ಸಿಪ್ಪೆಯಲ್ಲಿ ಸಪೋನಿನ್ ಎಂಬ ನೊರೆಯ ಸತ್ತ್ವವಿದೆ. ಅದು ಜಿಡ್ಡನ್ನು ನೀರಿನೊಡನೆ ಬೆರೆಸಿ ಹೊರಡಿಸುತ್ತದೆ. ಅಂಟುವಾಳದ ಗಟ್ಟಿಯಾದ ಕರಿಯ ಬೀಜದಿಂದ ತೊಳೆಯುವುದಕ್ಕೆ ಪ್ರಯೋಜನವಿಲ್ಲವಾದ್ದರಿಂದ ಅದನ್ನು ತೆಗೆದುಹಾಕುತ್ತಿದ್ದರು. ಮಲೆನಾಡಿನ ದಾಸವಾಳದ ಎಲೆ, ಮತ್ತಿಯ ಸೊಪ್ಪು, ಮತ್ತು ಎಲ್ಲೆಡೆಯ ಮೆಂತ್ಯ, ಇವುಗಳಲ್ಲಿರುವುದು ಮುಖ್ಯವಾಗಿ ಲೋಳೆ. ಅದು ಕೂದಲನ್ನು ನುಣುಪುಮಾಡಿ ಸಿಕ್ಕು ಬಿಡಿಸುತ್ತದೆ. ಕಡಲೆಯ ಮತ್ತು ಹೆಸರಿನ ಹಿಟ್ಟುಗಳು ಎಣ್ಣೆಯನ್ನು ಹೀರುತ್ತವೆ. ಬಯಲುಸೀಮೆಯ ಚಿಗರೆಯ ಪುಡಿಯು ಎಲೆಯದಾದರೂ ಸೀಗೆಯಂತೆ ತೊಳೆಯುವ ಕೆಲಸಕ್ಕೆ ಸಲ್ಲುತ್ತಿತ್ತು. ಮಾಗಿಯ ಕೊನೆಯಲ್ಲಿ ಬಲಿತ ಸೀಗೆಕಾಯಿಯನ್ನು ಗಲಗಲ ಎನ್ನುವವರೆಗೆ ಬಿಸಿಲಿನಲ್ಲಿ ಒಣಗಿಸಿ, ಮೆಂತ್ಯ, ಹೆಸರುಕಾಳು, ನೆಲ್ಲಿಚೆಟ್ಟು, ಒಣಗಿದ ನಿಂಬೆಯ ಸಿಪ್ಪೆ, ಕಚೋರ ಇವುಗಳನ್ನು ಮನೆಯ ರೂಢಿಯಂತೆ ಬೆರೆಸಿ, ಒರಳಿನಲ್ಲಿ ಕುಟ್ಟಿ, ಬಟ್ಟೆಯಲ್ಲಿ ಜರಡಿಹಿಡಿದು ವರ್ಷಕ್ಕಾಗುವಷ್ಟು ಭರಣಿಯಲ್ಲಿ ತುಂಬಿಡುತ್ತಿದ್ದರು. ಎರೆಯುವಾಗ ಬಿಸಿನೀರಿನಲ್ಲಾಗಲಿ ಅಕ್ಕಿಯ ಗಂಜಿಯಲ್ಲಾಗಲಿ ಕಲಸುವುದು. ಗಂಜಿಯಿಂದ ಪುಡಿಯು ಜಾರದೆ ಕೂದಲಿಗೆ ಹತ್ತಿ ನಿಲ್ಲುತ್ತದೆ. ಸಾಬೂನು ಗಡಸುನೀರಿನ ಸುಣ್ಣದೊಡನೆ ಸೇರಿ ಗಸಿ ಕಟ್ಟುತ್ತದೆ. ಸೀಗೆಗೆ ಆ ದೋಷವಿಲ್ಲ. ಬಾವಿಯ ನೀರೇ ಗತಿಯಾಗಿದ್ದ ಬಯಲುಸೀಮೆಯಲ್ಲಿ ಇದು ಸಾಮಾನ್ಯವಾದ ಅನುಕೂಲವಲ್ಲ. ಕಣ್ಣಿಗೆ ಬಿದ್ದರೆ ಉರಿಯುವುದಂತೂ ನಿಜ. ಮಕ್ಕಳಿಗೆ ಎಣ್ಣೆನೀರಿನ ದಿನದ ನೆನಪು ಅದೇ!

ಮೈಸೂರು ಸಂಸ್ಥಾನದಲ್ಲಿ ೧೯೧೮ರಲ್ಲಿ ಸರ್ಕಾರದ ಸಾಬೂನಿನ ಕಾರ್ಖಾನೆ ಆರಂಭವಾದಾಗಲೂ ಸಾಬೂನು ಮೈಗೆ, ಸೀಗೆ ತಲೆಗೆ ಎಂಬ ಭೇದವು ಮನೆಗಳಲ್ಲಿ ಉಳಿದಿತ್ತು. ಜರ್ಮನಿಯಲ್ಲಿ ಹಾನ್ಸ್ ಶ್ವಾರ್ಟ್ಸ್‌ಕಾಫ್ ೧೯೦೩ರಲ್ಲಿ ಷಾಂಪೂ ಪುಡಿಯನ್ನು ಮಾರಾಟಕ್ಕೆ ತಂದನು. ೧೯೩೦ರ ದಶಕದಲ್ಲಿ ಅಮೆರಿಕೆಯಲ್ಲಿ ಸಾಬೂನಲ್ಲದ ಕೃತಕ ಕ್ಷಾಲಕಗಳ ಷಾಂಪೂ ಬಂದಿತು. ದಕ್ಷಿಣಭಾರತದಲ್ಲಿ ೧೯೮೦ರ ದಶಕದಿಂದ ಚಿಕ್ಕ ಪೊಟ್ಟಣಗಳ ಮಾರಾಟವು ಹಬ್ಬಿದ ಮೇಲೆಯೇ ಆ ಭೇದವು ಹಳ್ಳಿಗಳಲ್ಲಿ ಸಡಿಲವಾದದ್ದು. ಈಗ ಸೀಗೆಯ ಹೆಸರನ್ನೂ ಚಿತ್ರವನ್ನೂ ಹೊತ್ತ ಸೀಸೆಗಳು ಬಹಳವಾಗಿ ಮಾರಾಟಕ್ಕಿವೆ. ಅವುಗಳಲ್ಲಿ ಅನೇಕದರ ನೊರೆಯು ಕೃತಕ ಕ್ಷಾಲಕದ್ದೇ ಹೊರತು ಕಾಯಿಯದಲ್ಲ.

ಪ್ರಾಚೀನ ಗ್ರಂಥಗಳಿಗೆ ಟಿಪ್ಪಣಿ ಬರೆಯುವವರು ಲ್ಯಾಟಿನ್ ಹೆಸರೊಂದನ್ನೇ ನಂಬುವುದೂ ಸಾಲದು. ‘ಅಕೇಸಿಯ ಕಾನ್ಸಿನ್ನ’ ಎಂದು ಕೋಶಗಳಲ್ಲಿರುವ ಸೀಗೆಯನ್ನು ಸಸ್ಯಶಾಸ್ತ್ರಜ್ಞರು ಈಚೆಗೆ ಅಕೇಸಿಯದಿಂದ ಬೇರ್ಪಡಿಸಿ ‘ಸೆನೆಗಾಲಿಯ’ ಎಂಬ ಕುಲಕ್ಕೆ ಸೇರಿಸಿದ್ದಾರೆ. ಕನ್ನಡದ ಹೆಸರು ಮಾತ್ರ ಇದ್ದಂತೆಯೇ ಇದೆ.